ಬಳ್ಳೊಳ್ಳಿ ಇಲ್ಲದ ಅಗಸಿ ಹಿಂಡಿ

ಇವತ್ತು ಬೆಳಗ್ಗೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಲೆಂದು ಅಗಸಿ ಹುರಿಯುತ್ತಿದ್ದೆ. ಕಾಳು ಚಟಪಟ ಸಿಡಿದು ವಾಸನೆ ಮನೆ ತುಂಬಿದ ಹೊತ್ತಿಗೆ ಮೊಮ್ಮಗಳು ಬಂದು ನನ್ನೆದುರು ಕುಳಿತಳು. ಇವತ್ತು ಅವಳಿಗೆ ಕೋರ್ಟಿನ ತಾರೀಖು. ಗಂಡನಿಂದ ಬಿಡುಗಡೆ ಬೇಕೆಂದು ಅರ್ಜಿ ಹಾಕಿದ್ದಾಳೆ. "ವಕೀಲರು ಅವನ ಕೂಡ ಮಾತಾಡಬ್ಯಾಡ, ಮಾರಿ ಸೈತ ನೋಡಬ್ಯಾಡ ಅಂದಾರ ಅಜ್ಜಿ" ಎಂದಳು. ಹೊಂದಿಕೊಂಡು ಹೋಗಬೇಕು, ಸಂಸಾರ ಅಂದಮೇಲೆ ಇದ್ದದ್ದೇ ಎಂದೆಲ್ಲ ನಾನೊಂದು ಭಾಷಣ ತಯಾರಿಟ್ಟುಕೊಂಡಿದ್ದೆ. ಬಾಯಿ ತೆರೆದದ್ದೂ ಆಯಿತು. ಅಷ್ಟರಲ್ಲಿ ಆ ವಾಸನೆಗೆ ಕಾಶಕ್ಕ ನೆನಪಾಗಿ ಭಾಷಣ ಅಲ್ಲೇ ನಿಂತುಬಿಟ್ಟಿತು.

ಕಾಶಕ್ಕ ನನ್ನ ಗಂಡನ ಅಕ್ಕ. ನಾನು ಕನ್ನೊಳ್ಳಿಯಿಂದ ಸಿಂದಗಿಗೆ ಸೊಸೆಯಾಗಿ ಬಂದಾಗ ಅವಳು ಗಂಡನ ಮನೆ ಬಿಟ್ಟು ತವರಿನಲ್ಲಿದ್ದಳು. ಅವಳ ಗಂಡ ಸಂಗಪ್ಪ ಕುಡುಕನಲ್ಲ, ಹೊಡೆಯುವವನಲ್ಲ, ಬಯ್ಯಲಿಕ್ಕೂ ಬಾರದ ಮನುಷ್ಯ. ಒಂದು ದಿನ ಸಂಸಾರ ಒಲ್ಲೆನೆಂದು ಕಾವಿ ಉಟ್ಟು ಊರಾಚೆಯ ಮಠ ಸೇರಿಬಿಟ್ಟ. ಜನ ಅವನ ಕಾಲಿಗೆ ಬೀಳತೊಡಗಿದರು. ಕಾಶಕ್ಕನನ್ನು ಮಾತ್ರ ಏನೆಂದು ಕರೆಯಬೇಕೋ ಯಾರಿಗೂ ತಿಳಿಯಲಿಲ್ಲ. ಮುತ್ತೈದೆ ಹೌದೋ ಅಲ್ಲವೋ ಎಂದು ಅರಿಷಿಣ ಕುಂಕುಮ ಕೊಡುವವರೇ ಅನುಮಾನ ಪಡುತ್ತಿದ್ದರು.

ಅಷ್ಟರಲ್ಲಿ ನಾಲತವಾಡದಿಂದ ಒಬ್ಬ ಮಾಸ್ತರರ ಕಡೆಯವರು ಕೇಳಿಕೊಂಡು ಬಂದರು. ಹೆಂಡತಿ ತೀರಿಕೊಂಡಿದ್ದಳು, ಮೆತ್ತಗಿನ ಮಾತಿನ ಮನುಷ್ಯ. ಕಾಶಕ್ಕನಿಗೂ ಮನಸ್ಸಿತ್ತು. ನಮ್ಮ ಕಡೆ ಹಿರಿಯರನ್ನು ಕೂಡಿಸಿ ಗಂಡನಾದವನು ಸೋಡಚೀಟಿ ಬರೆದುಕೊಟ್ಟರೆ ಬಿಡುಗಡೆಯಾದಂತೆ, ಹೆಣ್ಣು ಉಡಿಕೆಯಾಗಿ ಇನ್ನೊಂದು ಮನೆ ಸೇರಬಹುದು. ಹಿರಿಯರು ಮಠಕ್ಕೆ ಹೋಗಿ ಕೇಳಿದರೆ ಸಂಗಪ್ಪ ಕಣ್ಣು ಮುಚ್ಚಿಕೊಂಡು, "ನನಗ ಹೆಂಡತೀನ ಇಲ್ಲ. ಇಲ್ಲದಾಕಿಗೆ ಚೀಟಿ ಹೆಂಗ ಬರದ ಕೊಡ್ಲಿ?" ಎಂದನಂತೆ. ವೈರಾಗ್ಯಕ್ಕೂ ಒಂದು ಮಿತಿ ಬೇಡವೇ, ನೀವೇ ಹೇಳಿ. ಹಾಗಾಗಿ ವಿಜಾಪುರದ ಕೋರ್ಟೇ ಗತಿಯಾಯಿತು.

ಆಗ ಹೊಸ ಕಾಯ್ದೆ ಬಂದಿತ್ತು. ಗಂಡ ಸನ್ಯಾಸಿಯಾದರೆ ಹೆಂಡತಿ ಬಿಡುಗಡೆ ಕೇಳಬಹುದು ಎಂದರು ವಕೀಲರು. "ಅವರು ಸಂಸಾರ ಖರೇನ ಬಿಟ್ಟಾರ ಅಂತ ಜಡ್ಜ ಸಾಹೇಬ್ರಿಗೆ ಅನಸಬೇಕು. ಇಲ್ಲಂದ್ರ ಅರ್ಜಿ ಬಿತ್ತು ಅಂತ ತಿಳೀರಿ." ನನ್ನ ಗಂಡನಿಗೆ ಹೊಲಮನೆ ಕೆಲಸ. ಆದ್ದರಿಂದ ಕಾಶಕ್ಕನ ಜೊತೆ ಹೋಗುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ನಾನು ಮುಲ್ಕಿ ಪರೀಕ್ಷೆ ಪಾಸಾದವಳು! ಇಡೀ ಓಣಿಯಲ್ಲಿ ಅಷ್ಟು ಓದಿದ ಸೊಸೆ ಇರಲಿಲ್ಲ. ಕೋರ್ಟಿನ ಕಾಗದ ನೋಡಿದಾಗ ಒಂದಕ್ಷರ ತಲೆಗೆ ಹೋಗಲಿಲ್ಲವೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಓದಿದವಳಂತೆ ತಲೆಯಾಡಿಸುತ್ತಿದ್ದೆ.

ಫಜೀತಿ ಏನೆಂದರೆ, ಬೆಳಗ್ಗೆ ವಿಜಾಪುರಕ್ಕೆ ಇದ್ದದ್ದು ಒಂದೇ ಬಸ್ಸು. ವಾದಿಯೂ ಅದರಲ್ಲೇ, ಪ್ರತಿವಾದಿಯೂ ಅದರಲ್ಲೇ. ಕೋರ್ಟಿನ ಅಂಗಳದಲ್ಲಿ ನೆರಳಿಗೆ ಇದ್ದದ್ದು ಒಂದೇ ಬೇವಿನ ಮರ. ಮಧ್ಯಾಹ್ನ ನಾವು ಬುತ್ತಿ ಬಿಚ್ಚಿದರೆ ಸಂಗಪ್ಪ ಆಚೆ ಮುಖ ಮಾಡಿ ಕುಳಿತಿರುತ್ತಿದ್ದ. ನಮ್ಮ ಕಡೆ ಬಾಜೂಕ ಮನುಷ್ಯ ಕುಳಿತಿರುವಾಗ "ಬರ್ರಿ, ಊಟ ಮಾಡೂಣು" ಅನ್ನದೆ ತುತ್ತು ಬಾಯಿಗಿಡುವುದುಂಟೇ? ಕಾಶಕ್ಕ ಕರೆದಳು. ಅವನು ಒಲ್ಲೆ ಎನ್ನುತ್ತಲೇ ಹತ್ತಿರ ಸರಿದು ಕೈಯೊಡ್ಡಿದ. ಹಿಂಡಿ ಮೂಸಿ ನೋಡಿ, "ಬಳ್ಳೊಳ್ಳಿ ಬಿಟ್ಟೇನಿ" ಎಂದು ಬರೀ ರೊಟ್ಟಿ ತಿಂದ.

ಮುಂದಿನ ತಾರೀಖಿಗೆ ಕಾಶಕ್ಕ ಬಳ್ಳೊಳ್ಳಿ ಹಾಕದೆ ಅಗಸಿ ಹಿಂಡಿ ಕುಟ್ಟಿದಳು. ನನಗೆ ಸಿಟ್ಟು ಬಂತು. "ಅಕ್ಕಾ, ಅವರನ್ನ ಬಿಡಾಕ ಹೊಂಟೀಯೋ, ಜ್ವಾಪಾನ ಮಾಡಾಕ ಹೊಂಟೀಯೋ?" ಎಂದೆ. "ಬಿಡೂದು ಬ್ಯಾರೆ, ಉಪವಾಸ ಕೆಡವೂದು ಬ್ಯಾರೆ, ತಂಗಿ" ಎಂದಳು. ನನಗಂತೂ ಆ ಹಿಂಡಿ ಗಂಟಲಲ್ಲಿ ಇಳಿಯಲಿಲ್ಲ. ಬಳ್ಳೊಳ್ಳಿ ಇಲ್ಲದ ಹಿಂಡಿ ಕೂಡ ಒಂದು ಹಿಂಡಿಯೇ?

ನಾನು ಹೆದರಿದ್ದೇ ಆಯಿತು. ವಿಚಾರಣೆಯ ದಿನ ಊಟ ಮುಗಿಸಿ ಒಳಗೆ ಹೋದರೆ, ನ್ಯಾಯಾಧೀಶರು ಕನ್ನಡಕ ಸರಿಸಿ, "ಏನಮ್ಮಾ, ಗಂಡ ಸಂಸಾರ ಬಿಟ್ಟಾನ ಅಂತೀರಿ. ನಾನು ಕಿಟಕಿಯಿಂದ ನೋಡಿದೆ. ಮರದ ಕೆಳಗ ಇಬ್ಬರೂ ಕೂಡಿ ಉಣ್ಣಾಕತ್ತಿದ್ರಿ. ಇದೆಂಥಾ ಸನ್ಯಾಸ?" ಎಂದರು. ನಮ್ಮ ವಕೀಲರ ಮುಖ ಹುಳ್ಳಗಾಯಿತು. ನನ್ನ ಕಣ್ಣೆದುರಿಗೆ ನಾಲತವಾಡದ ಮನೆ, ಮಾಸ್ತರರು ಎಲ್ಲ ಮಾಯವಾದಂತಾಯಿತು.

ಕಾಶಕ್ಕ ಸೆರಗು ಸರಿಮಾಡಿಕೊಂಡಳು. "ಸಾಹೇಬ್ರ, ಹಸದ ಸ್ವಾಮಿಗೆ ರೊಟ್ಟಿ ನೀಡಿದ್ರ ಸಂಸಾರ ಆಕ್ಕೈತೇನ್ರಿ? ನಮ್ಮ ಬಾಗಲಕ ದಿನಾ ಯಾರರ ಬರ್ತಾರ, ಎಲ್ಲಾರಿಗೂ ನೀಡ್ತೇನಿ. ಅವರೆಲ್ಲಾ ನನ್ನ ಗಂಡರೇನ್ರಿ?" ಕೋರ್ಟೆಲ್ಲ ಗೊಳ್ಳೆಂದಿತು. ಅವಳು ಅಲ್ಲಿಗೇ ಬಿಡಲಿಲ್ಲ. "ಅಗಸಿ ಹಿಂಡಿಗೆ ಬಳ್ಳೊಳ್ಳಿ ಹಾಕಿಲ್ರಿ. ಬೇಕಾದ್ರ ತಿಂದ ನೋಡ್ರಿ. ಸಂಸಾರದಾಗ ಇದ್ದವರು ತಿನ್ನೂವಂಥಾದ್ದಲ್ಲ ಅದು" ಎಂದು ಬುತ್ತಿಯ ಅರಿವೆ ಬಿಚ್ಚಲಿಕ್ಕೇ ಹೊರಟಳು. ನ್ಯಾಯಾಧೀಶರು ನಗು ತಡೆದುಕೊಂಡು ಸಂಗಪ್ಪನ ಕಡೆ ತಿರುಗಿ, "ಏನ್ರಿ, ಅದು ಭಿಕ್ಷಾ ಏನು? ಈಕೆ ನಿಮಗೆ ಏನಾಗಬೇಕು?" ಎಂದು ಕೇಳಿದರು.

ಸಂಗಪ್ಪ ತಲೆಯೆತ್ತಿ ಕಾಶಕ್ಕನನ್ನು ನೋಡಿದ. ಇಷ್ಟು ದಿನ ಅವನು ನೆಟ್ಟಗೆ ನೋಡಿದ್ದೇ ಇಲ್ಲ. ಆಮೇಲೆ ಎರಡೂ ಕೈ ಜೋಡಿಸಿ, "ಹೌದ್ರಿ, ಭಿಕ್ಷಾನ. ಈ ತಾಯಿ ನೀಡ್ಯಾರ" ಎಂದ.

ಯಾರೂ ನಗಲಿಲ್ಲ. ಹುಕುಂ ಬರಲು ಮತ್ತೆ ಕೆಲವು ತಾರೀಖು ಬೇಕಾದವು. ಆದರೆ ಬಿಡುಗಡೆ ಆದದ್ದು ಆ ಗಳಿಗೆಯಲ್ಲೇ ಎಂದು ನಾನು ಇವತ್ತಿಗೂ ನಂಬಿದ್ದೇನೆ. ವಾಪಸು ಬಸ್ಸಿನಲ್ಲಿ ಕಾಶಕ್ಕ ದಾರಿಯುದ್ದಕ್ಕೂ ಅತ್ತಳು. ಗೆದ್ದವಳು ಯಾಕೆ ಅಳಬೇಕೆಂದು ನನಗೆ ತಿಳಿಯಲಿಲ್ಲ, ನಾನೂ ಅತ್ತೆ. ಸಿಂದಗಿ ಹತ್ತಿರ ಬಂದಾಗ ಮೂಗು ಒರೆಸಿಕೊಂಡು, "ತಾಯಿ ಅಂದಬಿಟ್ಟ ನೋಡ. ಇನ್ನ ಅವಗ ಬೈಯಾಕೂ ಬರಂಗಿಲ್ಲ" ಎಂದಳು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಮುಂದಿನ ಸೀಟಿನಲ್ಲಿ ಕುಳಿತ ಸ್ವಾಮಿ ತಿರುಗಿ ನೋಡಲಿಲ್ಲ. ಅವನ ಹೆಗಲು ಮಾತ್ರ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ದೇವರೇ ಬಲ್ಲ.

ಕಾಶಕ್ಕ ನಾಲತವಾಡದಲ್ಲಿ ಬಹಳ ವರ್ಷ ಚೆನ್ನಾಗಿ ಬಾಳಿದಳು. ನಾನು ಹೋದಾಗಲೆಲ್ಲ ಅವಳ ಅಡುಗೆಮನೆಯಲ್ಲಿ ಅಗಸಿ ಹಿಂಡಿಯ ಡಬ್ಬಿ ಎರಡಿರುತ್ತಿದ್ದವು. ಒಂದರಲ್ಲಿ ಬಳ್ಳೊಳ್ಳಿ ಇರುತ್ತಿರಲಿಲ್ಲ. ಅದು ಯಾರಿಗೆಂದು ಮಾಸ್ತರರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹುರಿದ ಅಗಸಿಗೆ ಉಪ್ಪು, ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿದೆ. ಕಟಕ ರೊಟ್ಟಿಯ ಜೊತೆ ಅರಿವೆಯಲ್ಲಿ ಕಟ್ಟಿ ಮೊಮ್ಮಗಳ ಕೈಗಿಟ್ಟೆ. ಅವಳು ಗಂಟಿನ ಭಾರ ನೋಡಿ, "ಇಷ್ಟ್ಯಾಕ ಅಜ್ಜಿ? ತಿನ್ನಾಕಿ ನಾ ಒಬ್ಬಾಕಿ" ಎಂದಳು.

"ಗೊತ್ತೈತಿ. ಬಾಜೂಕ ಯಾರರ ಕುಂತಿದ್ರ ಬರ್ರಿ ಅನ್ನಾಕ ಬೇಕಲ್ಲ. ಅಂದ ಮ್ಯಾಲೆ ಒಳಗ ಹೋಗಿ ನಿನಗ ಏನ ಬೇಕೋ ಅದನ್ನ ಗಟ್ಟ್ಯಾಗಿ ಕೇಳು" ಎಂದೆ.

ಅವಳು ಗಂಟನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಬಾಗಿಲ ತನಕ ಹೋದವಳು ತಿರುಗಿ ಬಂದು, "ಅವಗ ಬಳ್ಳೊಳ್ಳಿ ಸೇರಂಗಿಲ್ಲ, ಅಜ್ಜಿ" ಎಂದಳು.

ನಾನು ಮತ್ತೆ ಬಾಣಲೆ ಒಲೆಯ ಮೇಲಿಟ್ಟೆ.