ಹೊಗೆಯಾಡಿದ ಚೆಂಡು ಹೂ

ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿ, ಕಣ್ಣಿಡುವ ಕೊಳವೆಗೆ ಯಾರೋ ಸಿಕ್ಕಿಸಿದ್ದ ಚೆಂಡು ಹೂವನ್ನು ತೆಗೆಯಲು ಬಾಗಿದ್ದೆ. ಅಷ್ಟರಲ್ಲಿ ಹೂವಿನಿಂದ ಹೊಗೆ ಎದ್ದಿತು.

ಹೊನ್ನಾಳಿಯ ನಮ್ಮ ಕೈತೋಟದಲ್ಲಿ ದಿನವೂ ಸೂರ್ಯನ ಕಲೆಗಳ ಚಿತ್ರ ಬರೆದು, ಹಿಂದಿನ ದಿನದ ಚಿತ್ರದೊಡನೆ ತಾಳೆ ನೋಡುವುದು ನಿವೃತ್ತಿಯ ನಂತರದ ನನ್ನ ಅಭ್ಯಾಸ. ಬೆಚ್ಚಿ ಹಿಂದೆ ಸರಿದು ದೂರದರ್ಶಕದ ಮುಂಭಾಗವನ್ನು ನೋಡಿದೆ. ಬಿಸಿಲನ್ನು ತಡೆಯುವ ಬೆಳ್ಳಿಬಣ್ಣದ ಹಾಳೆಯೇ ಇರಲಿಲ್ಲ! ಅಂಚಿನಲ್ಲಿ ಮೂರು ಬೆರಳಿನ ವಿಭೂತಿ ಮಾತ್ರ ಇತ್ತು. ಅಂದು ಆಯುಧಪೂಜೆಯೆಂಬುದು ಆಗ ನೆನಪಾಯಿತು.

"ಆ ಹಾಳೆ ಮ್ಯಾಲೆ ವಿಭೂತಿ ನಿಲ್ಲಲಿಲ್ಲ ರೀ, ತೆಗ್ದು ದೇವ್ರ ಮುಂದೆ ಇಟ್ಟೀನಿ," ಎಂದಳು ನನ್ನ ಹೆಂಡತಿ. "ಕುಡುಗೋಲು, ಬೈಕಿಗೆಲ್ಲ ಪೂಜೆ ಮಾಡಿ ಇದನ್ನ ಬಿಡಾಕೆ ಆಗ್ತೈತಾ?"

ಕರಕಲಾದ ಹೂವನ್ನು ಅವಳ ಅಂಗೈಗೆ ಹಾಕಿದೆ. ಅವಳು ಹೂವನ್ನೊಮ್ಮೆ, ನನ್ನ ಕಣ್ಣನ್ನೊಮ್ಮೆ ನೋಡಿ, ಒಳಗೋಡಿ ಹಾಳೆಯನ್ನು ತಂದಳು.

ಈಗ ಹಾಳೆಯನ್ನು ಮುಟ್ಟಿ ನೋಡದೆ ನಾನು ಬಾಗುವುದಿಲ್ಲ. ಆದರೂ ಅವಳಿಗೆ ನಂಬಿಕೆಯಿಲ್ಲ. ಪ್ರತಿ ಬೆಳಿಗ್ಗೆ ತಾನೇ ಬಂದು ಕಣ್ಣಿಡುವ ಕೊಳವೆಗೆ ಒಂದು ಹೂವನ್ನು ಹಿಡಿಯುತ್ತಾಳೆ. ಅದು ಬಾಡದಿದ್ದರೆ ಮಾತ್ರ ನನಗೆ ಸೂರ್ಯನನ್ನು ನೋಡಲು ಅಪ್ಪಣೆ.