ಜಲಜಾ, ನೀರಜಾ

ಬೆಂಕಿಕಡ್ಡಿ ಗೀರುವ ಚರ್ರ್ ಸದ್ದು, ಹಿಂದೆಯೇ ಎಳೆಯ ದನಿ: "ಜಲ್ ಜಾ! ಅರೇ, ಜಲ್ ಜಾ ನಾ!"

ಡೊಂಬಿವಲಿಗೆ ಬಂದ ಮೊದಲ ವಾರ, ೨೦೦೫ರ ಸುಮಾರಿನ ದೀಪಾವಳಿ. ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆಂದು ಬಾಲ್ಕನಿಗೆ ಓಡಿ, "ಎಂತ? ಬಂದೆ!" ಎಂದೆ. ಕೆಳಗೆ ಹುಡುಗಿಯೊಬ್ಬಳು ಹೊತ್ತದ ನೆಲಚಕ್ರಕ್ಕೆ ಗದರುತ್ತಿದ್ದಳು. ಹಿಂದಿಯಲ್ಲಿ ಜಲ್ ಜಾ ಎಂದರೆ ಹೊತ್ತಿಕೋ, ಸುಟ್ಟುಹೋಗು!

ಉಡುಪಿಯಲ್ಲಿ ಈ ಹೆಸರಿಗೆ ಯಾರೂ ನಕ್ಕದ್ದಿಲ್ಲ. ಜಲದಲ್ಲಿ ಹುಟ್ಟಿದವಳು ಜಲಜಾ, ಅಂದರೆ ತಾವರೆ. ಕಾನ್ವೆಂಟಿನ ಸಿಸ್ಟರ್ "ವಾಟರ್-ಬಾರ್ನ್! ಹೌ ಲವ್ಲೀ!" ಎಂದು ಕ್ಲಾಸಿನ ಎದುರೇ ಹೊಗಳಿದ್ದರು. ನಮ್ಮ ಮನೆತನದಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು. ನನಗೂ ಹಾಗೆಯೇ ಬಂದದ್ದು. ಮಗಳು ಶೋಭಾಳ ಬಾಣಂತನಕ್ಕೆಂದು ಬಂದ ನಾನು, ಹೆಣ್ಣಾದರೆ ಹೆಸರು ಸೆಟ್ಲ್ಡ್ ಎಂದುಕೊಂಡಿದ್ದೆ.

ಹೆಣ್ಣೇ ಆಯಿತು. ಆದರೆ ಶೋಭಾ, "ಬೇಡಮ್ಮಾ. ಇಲ್ಲಿ ಶಾಲೆಯಲ್ಲಿ ಮಕ್ಕಳು ಬಿಡ್ತಾರಾ? ಗ್ಯಾಸ್ ಹಚ್ಚುವಾಗೆಲ್ಲ ಇವಳನ್ನು ಕರೀತಾರೆ" ಎಂದಳು.

"ಅಜ್ಜಿಯ ಹೆಸರು ಮಾರಾಯ್ತಿ, ನನ್ನಲ್ಲಿಗೇ ನಿಲ್ತದಲ್ಲ!"

"ನಿನ್ನನ್ನೇ ಇಲ್ಲಿ ಯಾರು ಹೆಸರಿಂದ ಕರೀತಾರೆ, ಹೇಳು?"

ಚುಚ್ಚಿತು. ನಿಜವೂ ಹೌದು. ಇವರು ತೀರಿಕೊಂಡ ಮೇಲೆ ನಾನು ಬರೀ ಅಮ್ಮ, ಆಂಟಿ.

ಬಾಣಂತಿಗೆ ಅಳ್ವಿ ಬೀಜದ ಲಾಡು ತಂದ ಎದುರುಮನೆಯ ವಿಮಲ್‌ತಾಯಿ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ) ನನ್ನ ಮುಖ ನೋಡಿಯೇ ಕುಳಿತುಬಿಟ್ಟರು. ನನ್ನ ಹರಕು ಹಿಂದಿಯಲ್ಲಿ ಹೆಸರಿನ ತಕರಾರು ಹೇಳಿ ಅರ್ಥ ಬಿಡಿಸಿದೆ: "ಪಾನೀ ಮೇ ಬಾರ್ನ್."

"ಅಗಬಾಯಿ! ಮಗ ನೀರಜಾ ಠೇವಾ ಕೀ!" ಅಯ್ಯೋ, ಹಾಗಾದರೆ ನೀರಜಾ ಎಂದಿಡಿ.

ಅರ್ಥ ಅದೇ, ಬೆಂಕಿಯಿಲ್ಲ. ಅದರೊಳಗೆ ನಮ್ಮ ನೀರು ಬೇರೆ. ಮನೆಯ ತುಳುವಿನಲ್ಲೂ ಅದು ನೀರ್. ಇಷ್ಟು ಓದಿದವಳಿಗೆ ಹೊಳೆದಿರಲಿಲ್ಲ. ಶೋಭಾ ನಕ್ಕಳು, ಒಪ್ಪಿದಳು.

ನಾಮಕರಣ ಇಲ್ಲಿನ ಪದ್ಧತಿಯಂತೆಯೇ ಆಯಿತು. ಮರಾಠಿಯವರಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಊದುವವಳು ಸೋದರತ್ತೆ. ಊದುವಾಗ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ನಮ್ಮ ಅಳಿಯನಿಗೆ ಅಕ್ಕತಂಗಿಯರಿಲ್ಲ. ವಿಮಲ್‌ತಾಯಿಯೇ ತೊಟ್ಟಿಲಿಗೆ ಬಾಗಿದರು. ನಾನು ಮೆಲ್ಲನೆ ತಟ್ಟಿದ್ದಕ್ಕೆ, "ಜೋರ್ ಸೇ ಮಾರೋ! ಥ್ಯಾಂಕ್ಯೂ ಸಮಝ್ ಕೇ ಮಾರೋ!" ಎಂದರು. ಜೋರಾಗಿ ಹೊಡಿ, ಥ್ಯಾಂಕ್ಯೂ ಅಂದುಕೊಂಡು ಹೊಡಿ. ನೆನೆದಾಗಲೆಲ್ಲ ಅನ್ನಿಸುತ್ತದೆ, ಇನ್ನೂ ಜೋರಾಗಿ ಗುದ್ದಬೇಕಿತ್ತು.

ಬಾಣಂತನಕ್ಕೆ ಬಂದವಳು ನಾನು ಇಲ್ಲೇ ಉಳಿದೆ. ಕೆಲವು ವರ್ಷಗಳ ಮೇಲೆ ವಿಮಲ್‌ತಾಯಿಯ ಮಗ ಕಳಂಬೋಲಿಯಲ್ಲಿ ಮನೆ ಮಾಡಿದ. ಅವರು ಅಲ್ಲಿಗೆ ಹೊರಟ ದಿನವೇ ನಾನು ಅವರನ್ನು ಕೊನೆಯ ಬಾರಿ ನೋಡಿದ್ದು. ರಿಕ್ಷಾದಲ್ಲಿ ಕೂತು ನೀರಜಾಳ ಗಲ್ಲ ಹಿಡಿದು, "ಹೇ ನಾವ್ ಕುಣಾಚಂ ಗ?" ಎಂದರು. ಯಾರದೇ ಈ ಹೆಸರು?

ಕನ್ನಡ ಅರ್ಥವಾಗುವ, ಆದರೆ ಆಡದ ನನ್ನ ಮೊಮ್ಮಗಳು ಥಟ್ಟನೆ ಹೇಳಿದಳು: "ಮಾಝ್ಯಾ ಆಜೀಚಂ."

ನನ್ನ ಅಜ್ಜಿಯದು.

"ಯೇತೆ" ಎಂದರು ವಿಮಲ್‌ತಾಯಿ. ಹೋಗುವಾಗ ಬರ್ತೇನೆ ಎನ್ನುವುದು ಇಲ್ಲಿಯೂ ಉಂಟು.

"ಬನ್ನಿ" ಎಂದೆ ನಾನು, ಕನ್ನಡದಲ್ಲೇ.