ನಡುಗುವ ಕೈ ತೆಗೆದ ಹೋರಿ ಚಿತ್ರಗಳು

ಕದರಮಂಡಲಗಿಯ ಡಾಕಪ್ಪನವರ ಹಿತ್ತಲಿಗೆ ಬಿಸಿಲು ಇನ್ನೂ ಇಳಿದಿಲ್ಲ. ಕೊಟ್ಟಿಗೆಯ ಮುಂದೆ ಆಳೆತ್ತರದ ಬಿಳಿ ಹೋರಿಯೊಂದು ಎರಡು ಹಗ್ಗಗಳ ನಡುವೆ ನಿಂತು ಬುಸುಗುಡುತ್ತಿದೆ. ಅದರ ಎದುರಿಗೆ ಮಣೆ ಹಾಕಿಕೊಂಡು ದ್ರಾಕ್ಷಾಯಿಣಿ ಕುಳಿತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎರಡೂ ಮೊಣಕೈ ಮೊಣಕಾಲಿನ ಮೇಲಿವೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕ್ಯಾಮೆರಾ. ಹೋರಿ ಒಮ್ಮೆ ಮುಂಗಾಲಿನಿಂದ ಮಣ್ಣು ಕೆರೆಯುತ್ತದೆ, ಇವರ ಕೈಬಳೆಗಳು ಸಣ್ಣಗೆ ಸದ್ದು ಮಾಡುತ್ತವೆ. ಹಗ್ಗ ಹಿಡಿದ ಡಾಕಪ್ಪನವರಿಗೂ ಅದು ಕೇಳಿಸುತ್ತದೆ, ಆದರೆ ಅವರು ಮರ್ಯಾದಸ್ಥರು, ಬೇರೆ ಕಡೆ ನೋಡುತ್ತಾರೆ.

"ಹೆದರಿಕಿ ಹೋಗಂಗಿಲ್ಲರಿ. ಇಷ್ಟು ವರ್ಷ ಆತು, ಇನ್ನೂ ಕೈ ನಡುಗ್ತೈತಿ. ಹಿಂಗ ಮೊಣಕೈ ಊರಿ ಕುಂತರ ಕ್ಯಾಮೆರಾ ನಡುಗಂಗಿಲ್ಲ. ನಾ ನಡುಗಿದ್ರ ನಡುಗಲಿ ಬಿಡ್ರಿ," ಎಂದು ನಗುತ್ತಾರೆ. ನಗು ಬಾಯಲ್ಲಷ್ಟೇ ಇದೆ. ಕಣ್ಣು ಹೋರಿಯ ಕೋಡಿನ ಮೇಲಿದೆ.

ದೀಪಾವಳಿಗೆ ಇನ್ನು ಕೆಲವೇ ದಿನ. ಹಬ್ಬದ ಪಾಡ್ಯದಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹೋರಿ ಬೆದರಿಸುವ ಸಂಭ್ರಮ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಕಿಕ್ಕಿರಿದ ಜನರ ನಡುವೆ ಓಡಲು ಬಿಡುತ್ತಾರೆ. ಹಿಡಿಯುವ ಹುಡುಗರು ಅದರ ಮೈಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳುತ್ತಾರೆ. ಸರ ಉಳಿಸಿಕೊಂಡು ಪಾರಾದ ಹೋರಿಗೆ ಊರೆಲ್ಲ ಜೈಕಾರ. ಅಂಥ ಹೋರಿಗೆ ಹೆಸರಿರುತ್ತದೆ, ಅಭಿಮಾನಿ ಬಳಗವಿರುತ್ತದೆ, ಓಣಿಯ ಬಾಯಿಗೆ ಕಟ್ಟಿದ ಬ್ಯಾನರ್ ಇರುತ್ತದೆ. ಬ್ಯಾನರಿನಲ್ಲಿ ಓಣಿಯ ಹಿರಿಯರು, ಕಿರಿಯರು, ಹೋರಿಗೆ ಒಂದು ದಿನ ಹುಲ್ಲು ಹಾಕಿದವರು ಕೂಡ ಕೈಮುಗಿದು ನಿಂತಿರುತ್ತಾರೆ. ನಡುವಿನಲ್ಲಿರುವ ಹೋರಿಯ ಚಿತ್ರವನ್ನು ತೆಗೆದವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ.

ದ್ರಾಕ್ಷಾಯಿಣಿ ಕರ್ಜಗಿಯಲ್ಲಿ ಹುಟ್ಟಿ ಹಾವೇರಿಗೆ ಸೊಸೆಯಾಗಿ ಬಂದವರು. ರಘೋತ್ತಮ ಎಂಬವರ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸುವ ಕೆಲಸಕ್ಕೆ ಸೇರಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೊದಲ್ಲಿ ನೊಣ ಹೊಡೆಯುವ ಕೆಲಸವೇ ಹೆಚ್ಚಾಯಿತು. ಯಾರಿಗೂ ಬೇಡವಾದ ಒಂದು ಹಳೆಯ ಸಣ್ಣ ಕ್ಯಾಮೆರಾವನ್ನು ಮಾಲೀಕರು ಇವರ ಕೈಗೆ ಕೊಟ್ಟರು. ಇವರು ಮೊದಲು ತೆಗೆದದ್ದು ಪಕ್ಕದ ಮನೆಯ ಇಂದಿರಾಬಾಯಿಯವರ ಬೆಕ್ಕನ್ನು. ಮನೆಯವರೆಲ್ಲ ಮೊಬೈಲ್ ಹಿಡಿದು ಬೆನ್ನಟ್ಟಿದಷ್ಟೂ ಅದು ಕಪಾಟಿನ ಅಡಿಗೆ ಹೋಗುತ್ತಿತ್ತಂತೆ. ಇವರು ಅದರ ಕಡೆ ನೋಡದೆ ನೆಲಕ್ಕೆ ಕುಳಿತು ಅವರೆಕಾಯಿ ಸುಲಿಯತೊಡಗಿದರು. ಬೆಕ್ಕು ತಾನಾಗಿ ಹೊರಗೆ ಬಂದು ಬಾಗಿಲ ಬೆಳಕಿನಲ್ಲಿ ಕುಳಿತಿತು. ಆ ಚಿತ್ರ ಈಗಲೂ ಇಂದಿರಾಬಾಯಿಯವರ ದೇವರ ಮನೆಯ ಪಕ್ಕದ ಗೋಡೆಯ ಮೇಲಿದೆ. ಅಲ್ಲಿಂದ ನಾಯಿಗಳು ಬಂದವು, ಗಿಳಿ ಬಂತು, ಕೊನೆಗೆ ಹೋರಿಗಳು ಬಂದವು.

ಅಗ್ಗದ ಕ್ಯಾಮೆರಾ ಎಂದರೆ ಅದಕ್ಕೂ ಒಂದು ಸೊಕ್ಕಿದೆ ಎನ್ನುತ್ತಾರೆ ಅವರು. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ನಾಯಿ ಮುಖ ತಿರುಗಿಸಿರುತ್ತದೆ. ಆದ್ದರಿಂದ ಗುಂಡಿಯನ್ನು ಅರ್ಧ ಒತ್ತಿ ಹಿಡಿದು ಕಾಯಬೇಕು. ಕ್ಯಾಮೆರಾ ತೆರೆದುಕೊಳ್ಳುವಾಗ ಮಾಡುವ ಸದ್ದಿಗೂ ಪ್ರಾಣಿ ಬೆದರುತ್ತದೆ, ಹೀಗಾಗಿ ಬಾಗಿಲಾಚೆಯೇ ತೆರೆದುಕೊಂಡು ಒಳಗೆ ಬರಬೇಕು. ಫ್ಲ್ಯಾಶ್ ಅಂತೂ ಕೂಡದು. ಬೆಳಗಿನ ಬೆಳಕು ಪಕ್ಕದಿಂದ ಬರಬೇಕು, ಕಣ್ಣಿನ ಪಿಸುರು ಒದ್ದೆ ಬಟ್ಟೆಯಲ್ಲಿ ಒರೆಸಿರಬೇಕು, ತೆಗೆಯುವವರು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಬೆಕ್ಕಿಗೆ ಇದು ಸರಿ, ಹೋರಿಯ ಎದುರು ನೆಲಕ್ಕೆ ಕೂರಲು ಗುಂಡಿಗೆ ಬೇಕಲ್ಲ ಎಂದರೆ, ನಿಂತ ಮನುಷ್ಯನನ್ನು ಕಂಡರೆ ಹೋರಿಗೆ ಅಖಾಡದ ನೆನಪು ಬರುತ್ತದೆ, ಕುಳಿತವರನ್ನು ಅದು ಎದುರಾಳಿ ಎಂದುಕೊಳ್ಳುವುದಿಲ್ಲ ಎನ್ನುತ್ತಾರೆ. ಇಲ್ಲಿಯವರೆಗೆ ಅಂದುಕೊಂಡಿಲ್ಲ ಎಂದು ಮೆಲ್ಲಗೆ ಸೇರಿಸುತ್ತಾರೆ. ಚಿತ್ರ ಬಿದ್ದ ಕೂಡಲೇ ಹೋರಿಯ ಕಣ್ಣನ್ನು ದೊಡ್ಡದು ಮಾಡಿ ನೋಡುತ್ತಾರೆ. ಆ ಕಪ್ಪಿನಲ್ಲಿ ಕೊಟ್ಟಿಗೆಯ ಬಾಗಿಲು ಸಣ್ಣದಾಗಿ ಹೊಳೆಯುತ್ತಿದ್ದರೆ ಚಿತ್ರಕ್ಕೆ ಜೀವ ಬಂದಿದೆ ಎಂದು ಲೆಕ್ಕ.

ಹಬ್ಬದ ಮುನ್ನಿನ ದಿನಗಳಲ್ಲಿ ಬೆಳಗಿಗೆ ಎರಡು ಕೊಟ್ಟಿಗೆ, ಒಮ್ಮೊಮ್ಮೆ ಮೂರು. ಬೆಳಗಿನ ಮೊದಲ ಬಸ್ಸು ಹತ್ತಿದರೆ ಬಿಸಿಲೇರುವ ಮುಂಚೆ ಕೆಲಸ ಮುಗಿಯಬೇಕು. ದೃಷ್ಟಿಯ ಭಯ ಎಲ್ಲ ಮನೆಗಳಲ್ಲೂ ಇದೆ. ಅವರು ಅಂಗಳ ದಾಟುವಷ್ಟರಲ್ಲಿ ಒಳಗಿನಿಂದ ಮೆಣಸಿನಕಾಯಿಯ ಘಾಟು ಬರುತ್ತದೆ. ಕೆಲವರು ಸಂಕೋಚಪಡುತ್ತಾರೆ ಎಂದು ಈಗೀಗ ಇವರೇ, ನಿವಾಳಿಸಿ ಒಲೆಗೆ ಹಾಕಿಬಿಡಿ ಎಂದು ಹೇಳಿ ಹೊರಡುತ್ತಾರೆ.

ಆದರೆ ಇವರ ಎದೆಯಲ್ಲಿ ಕುಳಿತಿರುವ ಭಯ ಬೇರೆ. ಮಗ ಶಶಿಕಾಂತ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಾನೆ. ಹಬ್ಬ ಬಂತೆಂದರೆ ಹೋರಿ ಹಿಡಿಯಲು ಇಳಿಯುತ್ತಾನೆ. ತಾಯಿ ಹೋರಿಯನ್ನು ಸಿಂಗರಿಸಿ ತೋರಿಸುತ್ತಾಳೆ, ಮಗ ಅದರ ಕೊರಳು ಬರಿದು ಮಾಡುತ್ತಾನೆ, ಹೀಗಾಗಿ ಮನೆಯಲ್ಲಿ ಎರಡೂ ಪಕ್ಷ ಇವೆ ಎಂದು ಗಂಡ ರುದ್ರಮುನಿ ಚೇಷ್ಟೆ ಮಾಡುವುದುಂಟು. ದ್ರಾಕ್ಷಾಯಿಣಿಯವರಿಗೆ ಅದರಲ್ಲಿ ನಗಲು ಏನೂ ಕಾಣುವುದಿಲ್ಲ. ತಮ್ಮ ಓಣಿಯಲ್ಲೇ ಕೋಡು ತಿವಿಸಿಕೊಂಡು ಮಲಗಿದವರನ್ನು ಅವರು ನೋಡಿದ್ದಾರೆ, ಒಬ್ಬನ ಮಣ್ಣಿಗೂ ಹೋಗಿ ಬಂದಿದ್ದಾರೆ. ಬೇಡ ಎಂದು ಅತ್ತಿದ್ದಾರೆ, ಊಟ ಬಿಟ್ಟಿದ್ದಾರೆ, ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಪಾಡ್ಯದ ಬೆಳಗಿನ ಹಲಗೆ ಬಾರಿಸುವ ಸದ್ದಿನವರೆಗೆ ಮಾತ್ರ ನಿಲ್ಲುತ್ತದೆ.

ಅವನು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾನೆ, ಆ ಹೋರಿ ಯಾವ ಕಡೆಗೆ ಕೋಡು ಹಾಕುತ್ತದೆ ಎಂದು. ಹೋರಿಯ ಕಣ್ಣು, ಕಿವಿ, ಕುತ್ತಿಗೆಯ ಸೆಳೆತವನ್ನು ಅಷ್ಟು ಹತ್ತಿರದಿಂದ ನೋಡುವ ತಾಯಿಗೆ ಅದು ಗೊತ್ತಿರುತ್ತದೆ. ಅವರು ಹೇಳುವುದಿಲ್ಲ. ಹಬ್ಬದ ಮುಂಚೆ ಬೀಗರನ್ನೂ ಬಿಡದ ಕೊಟ್ಟಿಗೆಯೊಳಗೆ ಜನ ಇವರನ್ನು ನಂಬಿ ಕರೆದು ಚಹಾ ಕೊಡುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ಅವರ ನಿಯಮ.

ಆ ನಿಯಮ ಕಳೆದ ವರ್ಷ ಅವರ ಕೊರಳಿಗೇ ಸುತ್ತಿಕೊಂಡಿತು. ದೇವರಗುಡ್ಡದ ಹತ್ತಿರದ ಊರೊಂದರಲ್ಲಿ ಅಜ್ಜಪ್ಪ ಎಂಬ ಹಿರಿಯರಿದ್ದಾರೆ. ಅವರ ಹೋರಿಯ ಹೆಸರು ಗರ್ನಾಲ. ಆ ಸೀಮೆಯಲ್ಲಿ ಅದರ ಕೊಬ್ಬರಿ ಹರಿದವರು ಕಡಿಮೆ. ಎಂದಿನಂತೆ ಎದುರು ಕುಳಿತು ಚಿತ್ರ ತೆಗೆದು, ಕಣ್ಣುಗಳನ್ನು ದೊಡ್ಡದು ಮಾಡಿ ನೋಡಿದರು. ಬಲಗಣ್ಣಿನಲ್ಲಿ ಬಾಗಿಲು ಹೊಳೆಯುತ್ತಿತ್ತು. ಎಡಗಣ್ಣಿನಲ್ಲಿ ಗಂಜಿ ಚೆಲ್ಲಿದಂಥ ಬಿಳುಪು.

ಕಣ್ಣಿಗೆ ಹೂ ಬಿದ್ದಿದೆ ಎಂದು ತೋರಿಸಿದರೆ ಅಜ್ಜಪ್ಪ ಆಶ್ಚರ್ಯಪಡಲಿಲ್ಲ. "ಗೊತ್ತೈತಿ ತಂಗಿ," ಎಂದರು. "ಬಲಗಡೆಯಿಂದ ತಗಿ."

ಇವರು ಬಲಗಡೆಯಿಂದ ತೆಗೆದರು. ಇದುವರೆಗೆ ತೆಗೆದವುಗಳಲ್ಲಿ ಅದೇ ಚೆಂದದ್ದು ಎನ್ನಲು ಅವರಿಗೆ ಈಗಲೂ ನಾಚಿಕೆ. ಬ್ಯಾನರ್ ಅಚ್ಚಿಗೆ ಹೋಯಿತು. ಒಂದು ಕಡೆ ಕಾಣದ ಹೋರಿಗೆ ಆ ಕಡೆಯಿಂದ ಯಾರ ಕೈ ತಾಗಿದರೂ ಸಿಡಿಲು ಬಡಿದಂತೆ ಬೆಚ್ಚಿ ಕೋಡು ಬೀಸುತ್ತದೆ. ಗರ್ನಾಲನ ಎಡಗಣ್ಣು ಹೋಗಿರುವುದು ಹಿಡಿಯುವ ಹುಡುಗರಿಗೆ ಗೊತ್ತಿರಲಿಲ್ಲ. ಆ ಸಂಜೆ ಶಶಿಕಾಂತ ಊಟಕ್ಕೆ ಕುಳಿತು ಗರ್ನಾಲನ ಸುದ್ದಿ ಕೇಳಿದ. ಹೇಳಿಬಿಡಬೇಕು ಎನ್ನಿಸಿತು. ಇನ್ನೊಂದು ರೊಟ್ಟಿ ಬಡಿದು ಅವನ ತಟ್ಟೆಗೆ ಹಾಕಿದರು.

"ನನ್ನ ಮಗಗ ಹೇಳಿದ್ರ ಅವ ಬಲಗಡೆ ನಿಂದರ್ತಾನ," ಎನ್ನುತ್ತಾರೆ. "ಎಡಗಡೆ ಬ್ಯಾರೆದಾಕಿ ಮಗ ನಿಂದರ್ತಾನ. ಆಕಿಗೆ ಯಾರು ಹೇಳ್ತಾರ?"

ಮರುದಿನ ಬೆಳಿಗ್ಗೆ ಸ್ಟುಡಿಯೊದಲ್ಲಿ ಆ ಎಡಗಣ್ಣಿನ ಚಿತ್ರವನ್ನು ದೊಡ್ಡದಾಗಿ ತೆಗೆಸಿಕೊಂಡು ಮತ್ತೆ ಅಜ್ಜಪ್ಪನವರ ಮನೆಗೆ ಹೋದರು. ಹೋರಿ ಬಿಡುವುದಾದರೆ ಬ್ಯಾನರಿಗೆ ಇದನ್ನೂ ಹಾಕಿ, ಊರಿಗೆ ಗೊತ್ತಾಗಲಿ, ಇಲ್ಲವೇ ಬಿಡಬೇಡಿ ಎಂದು ಕೇಳಿಕೊಂಡರು. ಅಜ್ಜಪ್ಪ ಚಿತ್ರ ಮುಟ್ಟಲಿಲ್ಲ. ನಿನ್ನ ಕ್ಯಾಮೆರಾದ ದೃಷ್ಟಿಯೇ ಅದಕ್ಕೆ ತಾಗಿದೆ ಎಂದರು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದರು. ಇವರು ಅಳುತ್ತಾ ಅಲ್ಲಿಯೇ ನಿಂತರು.

ಚಿತ್ರವನ್ನು ಕೈಗೆ ತೆಗೆದುಕೊಂಡವರು ಅಜ್ಜಪ್ಪನವರ ಹೆಂಡತಿ ನೀಲಗಂಗವ್ವ. ಗರ್ನಾಲ ಕರುವಾಗಿದ್ದಾಗಿನಿಂದ ಅದಕ್ಕೆ ಅಂಬಲಿ ಕುಡಿಸಿ ಬೆಳೆಸಿದವರು. ಅವರು ಕೊಟ್ಟಿಗೆಗೆ ಹೋಗಿ, ಮಾತಾಡದೆ, ಹೋರಿಯ ಎಡಗಡೆಯಿಂದ ಕೈ ಚಾಚಿ ಕೆನ್ನೆ ಮುಟ್ಟಿದರು. ಹೋರಿ ತಲೆ ಬೀಸಿತು. ಕೋಡು ನೀಲಗಂಗವ್ವನವರ ಸೆರಗು ಹರಿದುಕೊಂಡು ಹೋಗಿ ಕಂಬಕ್ಕೆ ಬಡಿಯಿತು, ಮಾಡಿನ ಹಂಚು ಸರಿದು ಮಣ್ಣು ಉದುರಿತು. ನೀಲಗಂಗವ್ವ ಆಗ ಅದರ ಹೆಸರು ಹಿಡಿದು ಕರೆದರು. ಹೋರಿ ಆ ದನಿ ಕೇಳಿ ನಡುಗುತ್ತಾ ನಿಂತಿತು.

"ಮನ್ಯಾಗಿನ ಕೈಯ ಗುರ್ತ ಹಿಡೀಲಿಲ್ಲ ಅದು," ಎಂದು ನೀಲಗಂಗವ್ವ ಗಂಡನಿಗೆ ಹೇಳಿದರು. "ಹೊರಗಿನ ಹುಡುಗರನ್ನ ಬಿಡ್ತೈತೇನು?"

ಗರ್ನಾಲ ಅಖಾಡಕ್ಕೆ ಇಳಿಯಲಿಲ್ಲ. ಬ್ಯಾನರ್ ಮಾತ್ರ ಓಣಿಯ ಬಾಯಿಯಲ್ಲಿ ಬಿಸಿಲಿಗೆ ಬಣ್ಣ ಕಳೆದುಕೊಳ್ಳುವವರೆಗೆ ಇತ್ತು. ಅಜ್ಜಪ್ಪ ಇವರ ಹತ್ತಿರ ಇನ್ನೂ ಮಾತು ಬಿಟ್ಟಿದ್ದಾರೆ. ಆಕೆಯ ಕಣ್ಣು ಕೆಟ್ಟದ್ದು, ಕುಂದು ಹುಡುಕಿ ಊರಿಗೆ ಸಾರುತ್ತಾಳೆ ಎಂಬ ಮಾತು ಹಬ್ಬಿ ಈ ವರ್ಷ ಎಷ್ಟೋ ಕೊಟ್ಟಿಗೆಗಳ ಬಾಗಿಲು ತೆರೆದಿಲ್ಲ. ಬಾಗಿಲು ಮುಚ್ಚಿದವರ ಮೇಲೆ ಇವರಿಗೆ ಸಿಟ್ಟಿಲ್ಲ. ಸುದ್ದಿ ತಿಳಿದ ಸಂಜೆ ಶಶಿಕಾಂತ ಹೇಳಿದ ಮಾತು ಮಾತ್ರ ಮರೆತಿಲ್ಲ. ಅವನು ಎಡಚ. ಯಾವ ಹೋರಿ ಬಂದರೂ ಅದರ ಎಡಗಡೆಗೇ ನುಗ್ಗುವವನು. ಗರ್ನಾಲನಿಗೂ ಅಲ್ಲೇ ನಿಲ್ಲುತ್ತಿದ್ದೆ ಎಂದು, ಮಜ್ಜಿಗೆ ಕುಡಿಯುತ್ತಾ, ಮಳೆಯ ಸುದ್ದಿ ಹೇಳಿದಂತೆ ಹೇಳಿದ್ದ.

ಡಾಕಪ್ಪನವರ ಹೋರಿಯ ಎರಡೂ ಕಣ್ಣಿನಲ್ಲಿ ಬಾಗಿಲು ಹೊಳೆಯುತ್ತಿದೆ. ದ್ರಾಕ್ಷಾಯಿಣಿ ಮಣೆ ಎತ್ತಿಟ್ಟು, ಚಹಾ ಕುಡಿದು, ಹಾವೇರಿಯ ಬಸ್ಸು ಹಿಡಿಯುತ್ತಾರೆ. ಮನೆಯ ಅಂಗಳದಲ್ಲಿ ಶಶಿಕಾಂತ ಬಳಗದ ಹೊಸ ಅಂಗಿ ಹಾಕಿಕೊಂಡು ನಿಂತಿದ್ದಾನೆ. ಅವನದೂ ಒಂದು ಬ್ಯಾನರ್ ಆಗಬೇಕಂತೆ, ಗೆಳೆಯರು ಹಟ ಹಿಡಿದಿದ್ದಾರಂತೆ. ಬೆಳಕು ಪಕ್ಕದಿಂದ ಬರುತ್ತಿದೆ. ಮಗ ಚೆಂದ ಕಾಣುತ್ತಿದ್ದಾನೆ, ಅದು ತಾಯಿಗೂ ಗೊತ್ತು. ಒಂದೇ ಒಂದು ತೆಗಿ ಎಂದು ಅವನು ಬೇಡಿಕೊಳ್ಳುತ್ತಾನೆ.

ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟುತ್ತಾರೆ.

"ಹಬ್ಬಕ್ಕ ಮೊದಲ ನಾ ಮಗನ ಫೋಟೋ ತಗಿಯಂಗಿಲ್ಲರಿ," ಎನ್ನುತ್ತಾರೆ, ಅವನು ಒಳಗೆ ಹೋದ ಮೇಲೆ. "ನಮ್ಮ ಓಣ್ಯಾಗ ಒಂದ ಮನ್ಯಾಗ ಮಾಲಿ ಹಾಕಿದ ಫೋಟೋ ಐತಿ. ಹಬ್ಬದ ಹಿಂದಿನ ದಿನ ಇದ ಕೈಲೆ ನಾನ ತಗದಿದ್ದು, ಭಾಳ ಚಂದ ಬಂದೈತಿ ಅಂತಾರ ಎಲ್ಲಾರೂ. ಇವ ಹೋಗಿ ಬರ್ಲಿ. ಬಂದು ನನ್ನ ಮುಂದ ನಿಂದರ್ಲಿ. ಆವಾಗ ಎಷ್ಟ ಬೇಕಾದ್ರೂ ತಗೀತೇನಿ."